ಎಂಗೇಜ್‌ಮೆಂಟ್ ಫೋಟೋ ಬೀದರ್ ಕೋಟೆಯಲ್ಲಾ, ನಮ್ಮ ಹೊಲದಲ್ಲಾ? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ

ತೊಗರಿಹೂವು, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನನ್ನ ನಿಶ್ಚಯ ಆಯಿತು. ಹುಡುಗ ಬೀದರ್‌ನವರು. ಮದುವೆ ಫೆಬ್ರವರಿಯಲ್ಲಿ. ನಿಶ್ಚಯದ ದಿನ ಮನೆ ತುಂಬ ಜನ. ನಾವಿಬ್ಬರೇ ನಿಂತ ಫೋಟೋ ಒಂದೂ ನೆಟ್ಟಗೆ ಬಂದಿಲ್ಲ. ಎಲ್ಲದರಲ್ಲೂ ಯಾರದೋ ಕೈ, ಯಾರದೋ ತಲೆ. ಅದಕ್ಕೆ ಡಿಸೆಂಬರ್‌ನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಬೇರೆಯಾಗಿ ಫೋಟೋ ತೆಗೆಸಿಕೊಳ್ಳೋಣ ಅಂತ ಇಬ್ಬರಿಗೂ ಆಸೆ.

ಅವರಿಗೆ ಬೀದರ್ ಕೋಟೆಯೇ ಆಗಬೇಕು. ಚಿಕ್ಕಂದಿನಲ್ಲಿ ಅಲ್ಲೇ ಆಡಿ ಬೆಳೆದವರು. ನನಗೆ ಸೇಡಂ ರಸ್ತೆ ಕಡೆ ಇರುವ ನಮ್ಮ ಹೊಲದಲ್ಲಿ, ತೊಗರಿ ಹೂವಿನ ನಡುವೆ ತೆಗೆಸಿಕೊಳ್ಳುವ ಆಸೆ. ಹೊಲ ಅಂದರೆ ಅವರ ಅಕ್ಕ ಒಪ್ಪುತ್ತಿಲ್ಲ, "ಬೀಗರ ಮುಂದೆ ಚೆನ್ನಾಗಿ ಕಾಣುವುದಿಲ್ಲ" ಅನ್ನುತ್ತಾರೆ. ಫೋಟೋಗ್ರಾಫರ್ ಡ್ರೋನ್, ಬಣ್ಣದ ಹೊಗೆ, ಉದ್ದನೆಯ ಗೌನ್ ಎಲ್ಲ ಸೇರಿಸಿ 45 ಸಾವಿರ ಹೇಳಿದ್ದಾರೆ. ನಮ್ಮ ಹತ್ತಿರ ಇರುವುದು 25 ಸಾವಿರ.

ಅಪ್ಪನದು ಬೇರೆಯೇ ಮಾತು. "ಅಕ್ಷತೆ ಬೀಳುವ ಮೊದಲು ಇಬ್ಬರೂ ಊರೂರು ತಿರುಗುವುದು ಯಾಕೆ?" ಅವ್ವ ಒಪ್ಪಿದ್ದಾಳೆ, ಆದರೆ ತಮ್ಮನನ್ನು ಜೊತೆಗೆ ಕಳಿಸುತ್ತಾಳಂತೆ. ಇದೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ.

ಚೌಬಾರಾ ಬೀದಿ
ಅಭಿನಂದನೆ ತಂಗಿ. ಕೋಟೆಗೇ ಬನ್ನಿ. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನೇ ಎತ್ತಿಕೊಂಡು ಬಂದು ಕಟ್ಟಿಸಿದ ಜಾಗ ಅದು. ಕಲಬುರಗಿ ಹೆಣ್ಣು ಬೀದರ್‌ಗೆ ಬರುತ್ತಿದ್ದಾಳೆ ಅಂದರೆ ಅದಕ್ಕಿಂತ ಒಪ್ಪುವ ಜಾಗ ಬೇರೆ ಯಾವುದಿದೆ?

ಎರೆಭೂಮಿ
ಹೊಲ. ಎರಡು ಮಾತೇ ಇಲ್ಲ.

ಲೆನ್ಸ್ ಹುಮನಾಬಾದ್
ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಅನುಮತಿ ವಿಷಯ. ಬೀದರ್ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮನೆಯವರ ಜೊತೆ ಹೋಗಿ ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ಲೈಟು, ಬಟ್ಟೆ ಬದಲಾಯಿಸುವ ತಂಡ ಅಂತ ಹೋದರೆ ಮೊದಲೇ ಲಿಖಿತ ಅನುಮತಿ ಬೇಕು. "ವಾಚ್‌ಮನ್ ನನಗೆ ಗೊತ್ತು, ನೋಡಿಕೊಳ್ಳುತ್ತೇನೆ" ಅನ್ನುವ ಫೋಟೋಗ್ರಾಫರ್ ಮಾತು ನಂಬಿ ಹೋಗಬೇಡಿ. ನಡುವೆ ನಿಲ್ಲಿಸಿದರೆ ಅವತ್ತಿನ ಮೇಕಪ್, ಗಾಡಿ ಬಾಡಿಗೆ, ಮನಸ್ಸು ಮೂರೂ ಹಾಳು. ಕೋಟೆ ಒಳಗಿನ ಕಚೇರಿಯಲ್ಲೇ ಹೋಗಿ ಕೇಳಿ. ಅರ್ಜಿ ಯಾರಿಗೆ ಕೊಡಬೇಕು ಅಂತ ಅವರೇ ಹೇಳುತ್ತಾರೆ. ಒಂದು ತಿಂಗಳು ಮುಂಚೆಯೇ ಕೇಳಿಬಿಡಿ.

ಬಣ್ಣದ ಹೊಗೆಯಂತೂ ಬೇಡವೇ ಬೇಡ. ರಂಗೀನ್ ಮಹಲ್‌ನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ಇದೆ, ಕೆತ್ತಿದ ಮರದ ಕಂಬಗಳಿವೆ. ಅದಕ್ಕೆ ಮಸಿ ಹತ್ತಿದರೆ ತಿರುಗಿ ಬರುವುದಿಲ್ಲ. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು.

ಇನ್ನು ಬೆಳಕು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಹೆಚ್ಚುಕಡಿಮೆ 6:40ಕ್ಕೆ ಸೂರ್ಯ ಹುಟ್ಟುತ್ತಾನೆ. 5:45ರ ಸುಮಾರಿಗೆ ಮುಳುಗುತ್ತಾನೆ. ಬೆಳಿಗ್ಗೆ ಎಂಟೂವರೆವರೆಗೆ, ಸಂಜೆ ನಾಲ್ಕೂವರೆ ಆದಮೇಲೆ, ಇಷ್ಟೇ ನಿಮ್ಮ ಹೊತ್ತು. ನಡುಮಧ್ಯಾಹ್ನ ನಿಂತರೆ ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಆಮೇಲೆ ಎಷ್ಟು ಎಡಿಟ್ ಮಾಡಿದರೂ ಮುಖ ದಣಿದಂತೆಯೇ ಕಾಣುತ್ತದೆ.

ತೊಗರಿಹೂವು, ಕಲಬುರಗಿ
@ಲೆನ್ಸ್ ಹುಮನಾಬಾದ್ ಅಣ್ಣಾ, ತುಂಬಾ ಧನ್ಯವಾದ. ಅನುಮತಿ ವಿಷಯ ನಮಗೆ ಯಾರೂ ಹೇಳಿರಲೇ ಇಲ್ಲ. ಡ್ರೋನ್ ಬಗ್ಗೆ?

ಲೆನ್ಸ್ ಹುಮನಾಬಾದ್
ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ದಿನಾ ತರಬೇತಿ ವಿಮಾನ ಹಾರುತ್ತವೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ನೋಡಿ. ಕೆಂಪು ವಲಯ ಅಂದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಡ್ರೋನ್ ಎತ್ತುವ ಹಾಗಿಲ್ಲ.

ರೀಲ್ಸ್ ರಾಜ
ಎಷ್ಟು ಜನ ಹಾರಿಸುತ್ತಾರೆ ಅಣ್ಣ, ಏನೂ ಆಗುವುದಿಲ್ಲ. 250 ಗ್ರಾಂ ಒಳಗಿನದಕ್ಕೆ ಲೈಸೆನ್ಸೇ ಬೇಡ.

ಲೆನ್ಸ್ ಹುಮನಾಬಾದ್
@ರೀಲ್ಸ್ ರಾಜ ತಮ್ಮಾ, ಬೇಡದಿರುವುದು ಪೈಲಟ್ ಲೈಸೆನ್ಸ್ ಮಾತ್ರ. ಸಣ್ಣ ಡ್ರೋನ್ ಆದರೂ ಕೆಂಪು ವಲಯ ಕೆಂಪು ವಲಯವೇ. ಮೇಲೆ ಹುಡುಗರು ವಿಮಾನ ಕಲಿಯುತ್ತಿರುತ್ತಾರೆ. ನಮ್ಮ ಒಂದು ವಿಡಿಯೋಗೆ ಅವರ ಜೀವಕ್ಕೆ ಕುತ್ತು ತರುವುದು ತಪ್ಪು. ಇದರಲ್ಲಿ ವಾದ ಬೇಡ.

ಸೇಡಂ ರೋಡ್
ಕಲಬುರಗಿ ಹೊಲದ ಮೇಲೆ ಹಾರಿಸುತ್ತೇವೆ ಅನ್ನುವವರಿಗೂ ಅದೇ ಮಾತು. 2019ರಿಂದ ನಮ್ಮ ವಿಮಾನ ನಿಲ್ದಾಣವೂ ಸೇಡಂ ರಸ್ತೆ ಕಡೆಗೇ ಇದೆ. ಅಲ್ಲೂ ನಕ್ಷೆ ನೋಡಿಯೇ ಹಾರಿಸಬೇಕು.

ಭಾಲ್ಕಿ ಅಕ್ಕ
ಡ್ರೋನ್ ಬಿಡಿ, ಅಪ್ಪನ ಮಾತಿಗೆ ಬರೋಣ. ನಮ್ಮದು ಗಡಿ ಊರು, ನಮ್ಮ ಅಜ್ಜಿ ನಿಶ್ಚಯಕ್ಕೆ ಸಾಖರ್ ಪುಡಾ ಅನ್ನುತ್ತಿದ್ದಳು. ಅವಳ ಕಾಲದಲ್ಲಿ ಸಾಖರ್ ಪುಡಾ ಆದಮೇಲೂ ಹುಡುಗ ಹುಡುಗಿ ಮುಖ ನೋಡುತ್ತಿರಲಿಲ್ಲ. ನಿಮ್ಮ ಅಪ್ಪ ಬೆಳೆದಿದ್ದು ಅಂಥ ಮನೆಯಲ್ಲೇ ಇರಬೇಕು. ಅವರ ಮೇಲೆ ಸಿಟ್ಟಾಗಬೇಡ ತಂಗಿ. ಅವರಿಗೆ ಭಯ ಇರುವುದು ಫೋಟೋ ಮೇಲಲ್ಲ, ಜನರ ಬಾಯಿ ಮೇಲೆ.

ನನ್ನ ಮದುವೆಗೆ ಮುಂಚೆ ನಾನು ಹೀಗೆ ಮಾಡಿದೆ. ಎಲ್ಲಿ ಹೋಗುತ್ತೇವೆ, ಎಷ್ಟು ಗಂಟೆಗೆ ತಿರುಗಿ ಬರುತ್ತೇವೆ, ಯಾವ ಬಟ್ಟೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೇ ಕೊಟ್ಟೆ. "ನೀವೂ ಬನ್ನಿ" ಅಂದೆ. ಬರಲಿಲ್ಲ, ಆದರೆ ಬೇಡ ಅನ್ನಲೂ ಇಲ್ಲ. ಸಂಜೆ ಬಂದಮೇಲೆ ಫೋಟೋ ತೋರಿಸಿದರೆ ಎರಡು ಸಲ ನೋಡಿದರು.

ತಮ್ಮ ಬಂದರೆ ಒಳ್ಳೆಯದೇ. ಯಾರಾದರೂ ಚೀಲ ಹಿಡಿಯುವವರು ಬೇಕೇ ಬೇಕು.

ಎರೆಭೂಮಿ
ನಾನು ರೈತ. ಒಂದು ತಿದ್ದುಪಡಿ. ತಂಗಿ, ಡಿಸೆಂಬರ್ ಕೊನೆಗೆ ನಿಮಗೆ ತೊಗರಿ ಹೂವು ಸಿಗುವುದಿಲ್ಲ. ಹೂವು ಅಕ್ಟೋಬರ್, ನವೆಂಬರ್‌ನಲ್ಲಿ. ಡಿಸೆಂಬರ್‌ಗೆ ಕಾಯಿ ಬಲಿತು ಗಿಡ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಲವರು ಕೊಯ್ಲೂ ಶುರು ಮಾಡಿರುತ್ತಾರೆ. ಹೂವೇ ಬೇಕು ಅಂದರೆ ಈ ವಾರವೇ ಹೋಗಿ. ತಡವಾಗಿ ಬಿತ್ತಿದವರ ಹೊಲದಲ್ಲಿ ಇನ್ನೂ ಹಳದಿ ಇದೆ.

ಡಿಸೆಂಬರ್‌ನಲ್ಲಿ ನೋಡಬೇಕಾದದ್ದು ಬಿಳಿಜೋಳ. ಆಳೆತ್ತರ ಬೆಳೆದು ತೆನೆ ಹಾಕುವ ಹೊತ್ತು. ಅದರ ನಡುವೆ ಸಾಲು ಹಿಡಿದು ನಿಂತರೆ ಬೇರೆ ಯಾವ ಅಲಂಕಾರವೂ ಬೇಡ. ಒಂದು ಮಾತು ನೆನಪಿರಲಿ. ಜೋಳದ ಎಲೆ ಕೈ ಕೊಯ್ಯುತ್ತದೆ, ತುಂಬು ತೋಳಿನ ಬ್ಲೌಸ್ ಹಾಕಿಕೊಳ್ಳಿ. ಬೆಳೆ ತುಳಿಯಬೇಡಿ, ಬದುವಿನ ಮೇಲೆ ನಿಲ್ಲಿ. ಕ್ಯಾಮೆರಾ ಕೆಳಗಿಟ್ಟು ತೆಗೆದರೆ ನಡುವೆ ನಿಂತ ಹಾಗೆಯೇ ಕಾಣುತ್ತದೆ.

ತೊಗರಿಹೂವು, ಕಲಬುರಗಿ
ಅಯ್ಯೋ, ಈ ಹೆಸರು ಇಟ್ಟುಕೊಂಡೂ ನನಗೆ ಇದು ಹೊಳೆಯಲಿಲ್ಲ. ಈ ವಾರ ಅವರಿಗೆ ರಜೆ ಇಲ್ಲ. ಹಾಗಾದರೆ ಬಿಳಿಜೋಳವೇ ಗಟ್ಟಿ.

ಸುರಪುರದ ಸೊಸೆ
ನಾವು ತೆಗೆಸಿದ್ದು ಶಹಾಪುರದ ಬೆಟ್ಟದ ಹತ್ತಿರ. ಅದೇ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ರಸ್ತೆಯಿಂದಲೇ ಬೆಟ್ಟ ಪೂರ್ತಿ ಹಿಂದೆ ಬರುತ್ತದೆ, ಹತ್ತಬೇಕಾಗಿಲ್ಲ. ಯಾದಗಿರಿ ಕಡೆಯವರು ಯಾರಾದರೂ ಓದುತ್ತಿದ್ದರೆ ನೋಡಿ.

ಆದರೆ ನಾವು ಹೋಗಿದ್ದು ಏಪ್ರಿಲ್‌ನಲ್ಲಿ, ಅದು ದೊಡ್ಡ ತಪ್ಪು. ಹತ್ತು ಗಂಟೆಗೆ ಬಿಸಿಲು ತಲೆ ಸುಡುತ್ತಿತ್ತು. ಮೇಕಪ್ ಇಳಿದು ಕುತ್ತಿಗೆಗೆ ಬಂತು. ಬಟ್ಟೆ ಬದಲಾಯಿಸಲು ಜಾಗ ಇಲ್ಲ. ಕಾರಿನ ಗಾಜಿಗೆ ದುಪಟ್ಟಾ ಕಟ್ಟಿ ಬದಲಾಯಿಸಿದೆ. ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯಲಿಲ್ಲ. ಮಧ್ಯಾಹ್ನ ತಲೆಸುತ್ತು ಬಂದು ಕುಳಿತುಬಿಟ್ಟೆ. ಇದನ್ನು ಯಾವ ಫೋಟೋಗ್ರಾಫರೂ ಮೊದಲೇ ಹೇಳುವುದಿಲ್ಲ. ಜಾಗ ಗೊತ್ತು ಮಾಡುವಾಗ ಹತ್ತಿರದಲ್ಲಿ ಪರಿಚಯದವರ ಮನೆ ಇದೆಯಾ ಅಂತ ಮೊದಲು ನೋಡಿ. ಹಿನ್ನೆಲೆ ಆಮೇಲೆ.

ಭಾಲ್ಕಿ ಅಕ್ಕ
@ಸುರಪುರದ ಸೊಸೆ ನೂರಕ್ಕೆ ನೂರು ನಿಜ ಅಕ್ಕಾ. ಹೆಣ್ಣುಮಕ್ಕಳಿಗೆ ಇದೇ ಮೊದಲ ಪ್ರಶ್ನೆ.

ಚೌಬಾರಾ ಬೀದಿ
ಕೋಟೆಗೆ ಅನುಮತಿ ಸಿಗದಿದ್ದರೆ ಅಷ್ಟೂರಿಗೆ ಹೋಗಿ. ಊರಿಂದ ಮೂರ್ನಾಲ್ಕು ಕಿಲೋಮೀಟರ್. ಸಾಲಾಗಿ ಗುಮ್ಮಟ, ಸುತ್ತ ಹೊಲ. ಬಹಮನಿ ಸುಲ್ತಾನ ಹುಮಾಯೂನ್ ಶಾನ ಗೋರಿ ಸಿಡಿಲು ಬಡಿದು ಅರ್ಧ ಬಿದ್ದಿದೆ, ಅದರ ಮುಂದೆ ತೆಗೆದ ಫೋಟೋ ನೋಡಿದರೆ ಮೈ ಜುಂ ಅನ್ನುತ್ತದೆ.

ಅಷ್ಟೂರು ದಾರಿ
ನಾನು ಅದೇ ಊರಿನವನು. ಅದೂ ಸಂರಕ್ಷಿತ ಸ್ಮಾರಕವೇ ಅಣ್ಣ, ಅನುಮತಿ ಅಲ್ಲಿಗೂ ಬೇಕು. ಇನ್ನೊಂದು ಮಾತು ನೋವಿನಿಂದ ಹೇಳುತ್ತೇನೆ. ಅವು ಗೋರಿಗಳು. ಅಹ್ಮದ್ ಶಾ ವಲಿಯ ಗೋರಿಗೆ ಇವತ್ತಿಗೂ ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ನಮ್ಮವರು ಅವನನ್ನು ಅಲ್ಲಮಪ್ರಭು ಅಂತಲೇ ನಂಬುತ್ತಾರೆ. ಜಾತ್ರೆಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ನಡೆದು ಬರುತ್ತಾರೆ. ಅಂಥ ಜಾಗದಲ್ಲಿ ಒಬ್ಬರನ್ನೊಬ್ಬರು ಎತ್ತಿಕೊಂಡು ನಿಲ್ಲುವುದು, ಗೋರಿಯ ಕಟ್ಟೆ ಮೇಲೆ ಚಪ್ಪಲಿ ಕಾಲಲ್ಲಿ ಹತ್ತುವುದು ನೋಡಿದರೆ ನಮಗೆ ಬೇಜಾರಾಗುತ್ತದೆ. ಬನ್ನಿ, ನೋಡಿ, ಕೈ ಮುಗಿಯಿರಿ. ಫೋಟೋ ದೂರದ ಹೊಲದ ಬದುವಿನಿಂದ ತೆಗೆಯಿರಿ, ಗುಮ್ಮಟ ಹಿಂದೆ ಚೆನ್ನಾಗಿಯೇ ಬರುತ್ತದೆ.

ಚೌಬಾರಾ ಬೀದಿ
ಸರಿ ತಮ್ಮಾ, ಈ ಕಡೆಯಿಂದ ನಾನು ಯೋಚಿಸಿರಲಿಲ್ಲ. ಒಪ್ಪಿದೆ.

ರೀಲ್ಸ್ ರಾಜ
ಹಾಗಾದರೆ ಯಾವ ಜಾಗದಲ್ಲೂ ತೆಗೆಯಬಾರದಾ? ಕೋಟೆ ಬೇಡ, ಗುಮ್ಮಟ ಬೇಡ, ಡ್ರೋನ್ ಬೇಡ. ಎಲ್ಲರೂ ರೆಸಾರ್ಟ್‌ಗೆ ದುಡ್ಡು ಕಟ್ಟಬೇಕಾ?

ಅಷ್ಟೂರು ದಾರಿ
ಬೇಡ ಅನ್ನಲಿಲ್ಲ ತಮ್ಮಾ. ಹೇಗೆ ನಿಲ್ಲಬೇಕು ಅಂದೆ.

ಲೆನ್ಸ್ ಹುಮನಾಬಾದ್
@ರೀಲ್ಸ್ ರಾಜ ಬೀದರ್ ಊರೊಳಗೆ ರಸ್ತೆಯ ಪಕ್ಕದಲ್ಲೇ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ, 1472ರದು. ಅದರ ಮುಖ ಪೂರ್ವಕ್ಕೆ. ಬೆಳಿಗ್ಗೆ ಬಿಸಿಲು ಉಳಿದಿರುವ ಬಣ್ಣದ ಹಂಚಿನ ಮೇಲೆ ನೇರ ಬೀಳುತ್ತದೆ. ಹೊರಗಿನ ರಸ್ತೆಯಿಂದ ತೆಗೆದರೂ ಆ ನೀಲಿ ಬಣ್ಣ ಸಿಗುತ್ತದೆ. ಯಾರಿಗೂ ತೊಂದರೆ ಇಲ್ಲ. ಸಂಜೆ ಹೋದವರಿಗೆ ಮುಂಭಾಗ ನೆರಳಲ್ಲಿ ಸಿಗುತ್ತದೆ, ಆಮೇಲೆ "ಬಣ್ಣ ಬರಲಿಲ್ಲ" ಅಂತ ನಮ್ಮ ಮೇಲೆ ಹೇಳುತ್ತಾರೆ.

ಬಟ್ಟೆ ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಬೀದರ್ ಕೋಟೆಯ ಗೋಡೆ ಕೆಂಪು ಮುರಕಲ್ಲು. ಅದರ ಮುಂದೆ ಕೆಂಪು, ಕೇಸರಿ ಸೀರೆ ಉಟ್ಟರೆ ಗೋಡೆಯಲ್ಲೇ ಮುಳುಗಿಹೋಗುತ್ತೀರಿ. ಹಸಿರು, ನೀಲಿ, ಬಿಳಿ ಎದ್ದು ಕಾಣುತ್ತವೆ. ಜೋಳದ ಹೊಲದಲ್ಲಿ ಇದಕ್ಕೆ ತಿರುಗಾ ಮುರುಗಾ. ಅಲ್ಲಿ ಹಸಿರು ಬೇಡ. ಕೆಂಪು ಸೆರಗಿನ ಇಳಕಲ್ ಉಟ್ಟು ನಿಲ್ಲಿ, ಅವರಿಗೆ ಬಿಳಿ ನೆಹರೂ ಶರ್ಟು, ದೋತರ ಹಾಕಿಸಿ. ಗೌನ್ ಬಾಡಿಗೆಯ ದುಡ್ಡು ಉಳಿಯುತ್ತದೆ. ಇಳಕಲ್ ಸೀರೆ ಮದುವೆ ಆದಮೇಲೂ ಉಡಬಹುದು.

ಮೌನಗೌರಿ
ಇಲ್ಲಿ ಯಾರೂ ಹೇಳದ ಒಂದು ವಿಷಯ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಅಕ್ಕನ ನಿಶ್ಚಯ ಆಗಿ, ಫೋಟೋ ಎಲ್ಲ ತೆಗೆಸಿ, ಮದುವೆಗೆ ಐದು ವಾರ ಇರುವಾಗ ಸಂಬಂಧ ಮುರಿಯಿತು. ತಪ್ಪು ಯಾರದು ಅನ್ನುವುದು ಇಲ್ಲಿ ಬೇಡ. ಫೋಟೋಗ್ರಾಫರ್ ಅಷ್ಟರಲ್ಲಿ ನಮ್ಮನ್ನು ಒಂದು ಮಾತೂ ಕೇಳದೆ ತನ್ನ ಇನ್‌ಸ್ಟಾಗ್ರಾಮ್‌ನಲ್ಲಿ ಇಪ್ಪತ್ತು ಫೋಟೋ ಹಾಕಿಬಿಟ್ಟಿದ್ದ. ಅವನ್ನು ಅಲ್ಲಿಂದ ಅಳಿಸಿ ಹಾಕಿಸಲು ಎರಡು ತಿಂಗಳು ಹಿಡಿಯಿತು. ಆಮೇಲೆ ಬಂದ ಎರಡು ಸಂಬಂಧದವರು ಆ ಫೋಟೋ ನೋಡಿಯೇ ಹಿಂದೆ ಸರಿದರು. ಅಕ್ಕ ಈಗ ಚೆನ್ನಾಗಿದ್ದಾಳೆ, ಮದುವೆ ಆಗಿದೆ. ಆದರೆ ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ.

ತಂಗಿ, ನಿಮಗೆ ಹಾಗೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಫೋಟೋ ತೆಗೆಸಿ, ಖುಷಿಯಾಗಿ ತೆಗೆಸಿ. ನಮ್ಮನ್ನು ಕೇಳದೆ ಎಲ್ಲೂ ಹಾಕಬಾರದು ಅಂತ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಸೇಡಂ ರೋಡ್
ಓದಿ ಮನಸ್ಸು ಭಾರವಾಯಿತು. ಆದರೆ ಆ ಎರಡು ಸಂಬಂಧದವರದ್ದೇ ತಪ್ಪು ಅಲ್ವಾ? ಫೋಟೋ ತೆಗೆಸಿಕೊಂಡರೆ ಹುಡುಗಿಗೆ ಏನು ಕಳಂಕ? ನಾವೇ ಹೆದರುತ್ತಾ ಕುಳಿತರೆ ಇದು ಬದಲಾಗುವುದು ಯಾವಾಗ?

ಮೌನಗೌರಿ
ತಪ್ಪು ಅವರದ್ದೇ ಅಣ್ಣ. ಅನುಭವಿಸಿದ್ದು ನಮ್ಮಕ್ಕ.

ಭಾಲ್ಕಿ ಅಕ್ಕ
@ಮೌನಗೌರಿ ಬರೆದದ್ದು ಒಳ್ಳೆಯದಾಯಿತು ತಂಗಿ.

ಲೆನ್ಸ್ ಹುಮನಾಬಾದ್
ನಮ್ಮ ಕೆಲಸದವರು ಹಾಗೆ ಮಾಡುವುದು ತಪ್ಪು, ಒಪ್ಪುತ್ತೇನೆ. ಹಾಳೆ ಮೇಲೆ ಇನ್ನೂ ಕೆಲವು ಬರೆಸಿ. ಎಷ್ಟು ಫೋಟೋ ಎಡಿಟ್ ಮಾಡಿ ಕೊಡುತ್ತಾರೆ, ಯಾವ ತಾರೀಖಿಗೆ ಕೊಡುತ್ತಾರೆ, ಎಡಿಟ್ ಮಾಡದ ಮೂಲ ಫೋಟೋ ಎಲ್ಲವೂ ನಿಮಗೆ ಸಿಗುತ್ತವಾ, ಮಳೆ ಬಂದರೆ ಅಥವಾ ಯಾರಿಗಾದರೂ ಜ್ವರ ಬಂದರೆ ಇನ್ನೊಂದು ದಿನ ಬರುತ್ತಾರಾ. ಅರ್ಧ ಮುಂಗಡ, ಅರ್ಧ ಫೋಟೋ ಕೈಗೆ ಬಂದ ಮೇಲೆ. ಡ್ರೋನ್, ಹೊಗೆ, ಗೌನ್ ತೆಗೆದುಹಾಕಿ ಒಂದು ಬೆಳಗು, ಒಂದು ಸಂಜೆಗೆ ಮತ್ತೆ ರೇಟ್ ಕೇಳಿ ನೋಡಿ. 25ರ ಒಳಗೆ ಆಗಲೇಬೇಕು.

ಎರೆಭೂಮಿ
ನನಗೆ ಒಂದು ಯೋಚನೆ ಬಂತು. ಎಳ್ಳ ಅಮಾವಾಸ್ಯೆ! ಅವತ್ತು ಹೇಗೂ ಇಡೀ ಮನೆ ಹೊಲದಲ್ಲೇ ಇರುತ್ತದೆ. ಬೀಗರನ್ನೂ ಊಟಕ್ಕೆ ಕರೆಯಿರಿ. ಅಪ್ಪ, ಅವ್ವ, ತಮ್ಮ, ಅವರ ಅಕ್ಕ ಎಲ್ಲ ಅಲ್ಲೇ. ಊರೂರು ತಿರುಗುವ ಮಾತೇ ಇಲ್ಲ.

ಸೇಡಂ ರೋಡ್
ಭಜ್ಜಿ ಪಲ್ಲೆ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ! ಇದನ್ನು ಓದಿ ಈಗಲೇ ಹಸಿವಾಯಿತು.

ಸುರಪುರದ ಸೊಸೆ
ಭಜ್ಜಿ ಪಲ್ಲೆಗೆ ನಮ್ಮ ಅತ್ತೆ ಹುಣಸೆ ಚಿಗುರು ಹಾಕುತ್ತಾರೆ. ನಿಮ್ಮ ಕಡೆ?

ಸೇಡಂ ರೋಡ್
ನಮ್ಮಲ್ಲಿ ಹುಣಸೆ ಹುಳಿಯೇ. ಮೆಂತ್ಯ ಸೊಪ್ಪು, ಹಸಿ ಕಡಲೆ, ಹಸಿ ತೊಗರಿ, ಅವರೆಕಾಳು, ಬದನೆಕಾಯಿ, ಗಜ್ಜರಿ. ಕಡಲೆ ಹಿಟ್ಟು ಕಲಸಿ ಬಿಡುತ್ತಾರೆ.

ಕಾಯಕ ಕಾಕಾ
ಅಡುಗೆ ಮಾತು ಆಮೇಲೆ. ನಾನು ಹಿರಿಯ, ಒಂದು ಆಕ್ಷೇಪ. ಎಳ್ಳ ಅಮಾವಾಸ್ಯೆ ಭೂತಾಯಿಗೆ ಬಯಕೆ ಊಟ ಬಡಿಸುವ ದಿನ. ಪೂಜೆ ನಡೆಯುವಾಗ "ಸ್ವಲ್ಪ ಈ ಕಡೆ ತಿರುಗಿ" ಅಂತ ಕ್ಯಾಮೆರಾದವನು ನಡುವೆ ಬಂದರೆ ನನಗಂತೂ ಸರಿ ಅನ್ನಿಸುವುದಿಲ್ಲ.

ಎರೆಭೂಮಿ
ಕಾಕಾ, ಪೂಜೆ ಆಗಿ, ಚರಗ ಚೆಲ್ಲಿ (ನೈವೇದ್ಯವನ್ನು ಹೊಲದ ತುಂಬ ಎರಚಿ), ಎಲ್ಲರ ಊಟ ಮುಗಿದ ಮೇಲೆ. ನಾಲ್ಕೂವರೆಗೆ ಶುರು ಮಾಡಿದರೆ ಸಾಕಲ್ವಾ? ಲೆನ್ಸ್ ಅಣ್ಣ ಹೇಳಿದ ಬೆಳಕೂ ಅದೇ ಹೊತ್ತಿಗೆ.

ಕಾಯಕ ಕಾಕಾ
ಹಾಗಾದರೆ ನನ್ನ ತಕರಾರಿಲ್ಲ. ಚರಗ ಚೆಲ್ಲುವಾಗ ಆ ಹುಡುಗನನ್ನೂ ಜೊತೆಗೆ ನಡೆಸಿ. ಮನೆಯ ಮಗ ಆಗುವವನು, ಹೊಲ ಪರಿಚಯ ಆಗಲಿ.

ಬಿದ್ರಿ ಮನೆ
ಎಲ್ಲಾ ಓದಿದೆ. ಫೋಟೋದಲ್ಲಿ ಕೈಯಲ್ಲಿ ಹಿಡಿಯಲು ಒಂದು ಸಣ್ಣ ಬಿದ್ರಿ ಡಬ್ಬಿ ಇಟ್ಟುಕೊಳ್ಳಿ, ಉಂಗುರ ಅದರೊಳಗೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ಕೆಲಸ. ಸತುವು, ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂಡಿಸುತ್ತೇವೆ. ಕೊನೆಗೆ ಬೀದರ್ ಕೋಟೆಯ ಮಣ್ಣು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿದರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹುಡುಗನಿಗೆ ಕೋಟೆ ಬೇಕು ಅಂತಲ್ಲವಾ, ಆ ಡಬ್ಬಿಯಲ್ಲಿ ಕೋಟೆಯ ಮಣ್ಣಿನ ಬಣ್ಣವೇ ಇರುತ್ತದೆ. ಹೊಲದಲ್ಲಿ ನಿಂತು ಅದನ್ನು ಹಿಡಿಯಿರಿ.

ಚೌಬಾರಾ ಬೀದಿ
ಬಿದ್ರಿ ಕಾಕಾ, ಇದಕ್ಕಿಂತ ಒಳ್ಳೆ ಸಲಹೆ ಈ ಚರ್ಚೆಯಲ್ಲಿ ಬಂದಿಲ್ಲ. ಕೋಟೆ ಪರ ಇದ್ದ ನಾನೂ ಈಗ ಹೊಲದ ಕಡೆಗೆ.

ತೊಗರಿಹೂವು, ಕಲಬುರಗಿ
ಎಲ್ಲರಿಗೂ ಮತ್ತೆ ನಮಸ್ಕಾರ. ನಾಲ್ಕು ದಿನ ಬರಲಾಗಲಿಲ್ಲ. ಭಾಲ್ಕಿ ಅಕ್ಕ ಹೇಳಿದ ಹಾಗೆ ಹಾಳೆಯಲ್ಲಿ ಬರೆದು ಅಪ್ಪನಿಗೆ ಕೊಟ್ಟೆ. ಎಳ್ಳ ಅಮಾವಾಸ್ಯೆ ಅಂತ ಓದಿದ ತಕ್ಷಣ "ಬೀಗರಿಗೆ ನಾನೇ ಫೋನ್ ಮಾಡುತ್ತೇನೆ" ಅಂದರು. ಮಾಡಿಯೂಬಿಟ್ಟರು. ಅವರ ಮನೆಯಿಂದ ಹನ್ನೆರಡು ಜನ ಬರುತ್ತಿದ್ದಾರೆ. ಅವರ ಅಕ್ಕನೇ ಈಗ ಇಳಕಲ್ ಸೀರೆ ತರುತ್ತೇನೆ ಅನ್ನುತ್ತಿದ್ದಾರೆ.

ಕೋಟೆ ಬಿಟ್ಟಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎರಡೂ ಮನೆಯವರು ಸೇರಿ ಸುಮ್ನೆ ನೋಡಲು ಹೋಗುತ್ತೇವೆ. ತಂಡ ಇಲ್ಲ, ಲೈಟಿಲ್ಲ. ಅವರು ಚಿಕ್ಕಂದಿನಲ್ಲಿ ಆಡಿದ ಜಾಗ ನನಗೆ ತೋರಿಸುತ್ತಾರಂತೆ. ತಮ್ಮ ಮೊಬೈಲ್‌ನಲ್ಲಿ ತೆಗೆಯುತ್ತಾನೆ. ಮೌನಗೌರಿ ಅಕ್ಕಾ, ನಿಮ್ಮ ಮಾತು ಬರೆಸಿಕೊಂಡೆ. ಫೋಟೋಗ್ರಾಫರ್ ಸಹಿ ಹಾಕಿದರು, 22 ಸಾವಿರಕ್ಕೆ ಒಪ್ಪಿದರು.

ಈಗ ಒಂದೇ ಚಿಂತೆ. ಹಿಂದಿನ ದಿನ ಮಳೆ ಬಂದರೆ?

ಎರೆಭೂಮಿ
ಎರೆ ಮಣ್ಣು ಒದ್ದೆಯಾದರೆ ಚಪ್ಪಲಿ ಬಿಡುವುದಿಲ್ಲ ತಂಗಿ, ಒಂದೊಂದು ಕಾಲಿಗೆ ಕೆಜಿ ಮಣ್ಣು ಹತ್ತುತ್ತದೆ. ಬರಿಗಾಲಲ್ಲಿ ನಡೆಯಿರಿ. ಕಾಲು ತೊಳೆಯಲು ಎರಡು ಕೊಡ ನೀರು ಬಂಡಿಯಲ್ಲಿ ಇಟ್ಟಿರಿ.

ಸುರಪುರದ ಸೊಸೆ
ಪಿನ್ನು ಒಂದು ಡಜನ್ ಜಾಸ್ತಿಯೇ ಇರಲಿ. ಮೆಹೆಂದಿ ಎರಡು ದಿನ ಮುಂಚೆ ಹಚ್ಚಿ, ಅವತ್ತಿಗೆ ಚೆನ್ನಾಗಿ ಕೆಂಪಾಗಿರುತ್ತದೆ. ನೀರು ಕುಡಿಯಿರಿ!

ಲೆನ್ಸ್ ಹುಮನಾಬಾದ್
ಒಂದು ಬಿಳಿ ಥರ್ಮಾಕೋಲ್ ಹಾಳೆ ತಮ್ಮನ ಕೈಗೆ ಕೊಡಿ. ಸಂಜೆ ಬಿಸಿಲು ನಿಮ್ಮ ಬೆನ್ನಿಗೆ ಇರಲಿ, ಅವನು ಎದುರು ನಿಂತು ಆ ಹಾಳೆಯಿಂದ ಬೆಳಕನ್ನು ಮುಖಕ್ಕೆ ತಿರುಗಿಸಲಿ. ಗಾಳಿ ಇದ್ದರೆ ಹಾಳೆ ಮುರಿಯುತ್ತದೆ, ಎರಡು ತನ್ನಿ.

ಕಾಯಕ ಕಾಕಾ
ಹನ್ನೆರಡು ಜನ ಬೀಗರು ಅಂದರೆ ರೊಟ್ಟಿ ಎರಡು ದಿನ ಮೊದಲೇ ಬಡಿಯಲು ಶುರು ಮಾಡಿರಿ.